ಶೆಲ್ಲಿನ ಊರಿನಲ್ಲಿ ಹಾಸಿದ ಕಂಬಳಿ

ಶಿರಾಳಕೊಪ್ಪ ದಾಟುವ ಮೊದಲು

ಪ್ರಯಾಣ ನನಗೆ ಒಗ್ಗುವುದಿಲ್ಲ. ಶಿಕಾರಿಪುರದಿಂದ ಸೊರಬದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ಹೀಗೆ ಹೇಳಿದರೆ ನೀವು ನಗಬಹುದು. ಇಪ್ಪತ್ತು ವರ್ಷದ ಮೇಲಾಯಿತು, ಅದೇ ರಸ್ತೆ, ಅದೇ ಹೊಂಡಗಳು. ಆದರೂ ಶಿರಾಳಕೊಪ್ಪ ದಾಟುವುದರೊಳಗೆ ಗ್ಯಾಸ್ ಆರಿಸಿದ್ದಾರೋ ಇಲ್ಲವೋ ಎಂದು ಮನೆಗೆ ಒಂದು ಫೋನು ಹೋಗಲೇಬೇಕು. ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ ಯಜಮಾನರದ್ದು. ಗ್ಯಾಸ್ ಹಚ್ಚುವವರೂ ಅವರೇ, ಆರಿಸುವವರೂ ಅವರೇ. ಚಿಂತೆ ಮಾತ್ರ ನನ್ನ ಖಾತೆ.

ಇಂಥವಳು ಜೆಕ್ ದೇಶಕ್ಕೆ ಹೋಗಿ ಬಂದೆ. ಹೋಗಿ ಬಂದ ಮೇಲೆ ಸಿಟ್ಟು ಇಳಿದಿಲ್ಲ. ಆ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ ಇರುವುದರಿಂದ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಬರೆಯಲು ಕೂತಿದ್ದೇನೆ.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವುದರ ಜೊತೆಗೆ ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆಗೆ ಆಗಾಗ ವರದಿ ಬರೆದು ಕೊಡುತ್ತಿದ್ದೆ. ಸಾರ್ವಜನಿಕ ನೀತಿ ಸಂಶೋಧನೆ ಎಂದು ಅದಕ್ಕೆ ಹೆಸರು. ಎರಡು ತಿಂಗಳು ಓಡಾಡುವುದು, ಪ್ರಶ್ನಾವಳಿ ತುಂಬಿಸುವುದು, ದಪ್ಪ ವರದಿ ಬರೆಯುವುದು. ಅದನ್ನು ಯಾರೂ ಓದುವುದಿಲ್ಲ ಎನ್ನುವುದೇ ನನ್ನ ನೆಮ್ಮದಿಯಾಗಿತ್ತು. ಈ ಸಲ ಯಾರೋ ಓದಿಬಿಟ್ಟರು.

ವಿಷಯ ಇಷ್ಟು. ತೊಗರ್ಸಿಗೂ ಆನವಟ್ಟಿಗೂ ನಡುವಿನ ಒಂದು ಊರಿನ ಗೋಮಾಳದಲ್ಲಿ ಫಿರಂಗಿ ಶೆಲ್ಲುಗಳ ಹೊರಕವಚ ತಯಾರಿಸುವ ಕಾರ್ಖಾನೆ ಬರಬೇಕೆಂದು ಯೋಜನೆ. ಕಾರ್ಖಾನೆಯ ಲಾಭದಲ್ಲಿ ಒಂದು ಪಾಲನ್ನು ಊರಿನ ಡೊಳ್ಳು ಕುಣಿತಕ್ಕೆ ತೆಗೆದಿಟ್ಟು ಒಂದು ಕಲಾಭವನ ಕಟ್ಟಿಸಬಹುದೇ? ರಕ್ಷಣಾ ಕೈಗಾರಿಕೆಯೂ ಬೆಳೆಯಿತು, ಕಲೆಯೂ ಉಳಿಯಿತು. ಇದನ್ನು ಅಧ್ಯಯನ ಮಾಡಿ ಎಂದರು. ಮಾಡಿದೆ. ನಾಲ್ಕನೆಯ ಅಧ್ಯಾಯದ ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯ ಬರೆದೆ: ‘ಗ್ರಾಮದ ಸಭೆಯಲ್ಲಿ ಯಾವುದೇ ಆಕ್ಷೇಪಣೆ ಬಂದಿಲ್ಲ, ಕಲಾವಿದರ ಹಾಗೂ ಕುರಿ ಸಾಕುವವರ ಒಪ್ಪಿಗೆ ಇದೆ.’

ಆ ಸಭೆ ಸಮುದಾಯ ಭವನದಲ್ಲಿ ನಡೆದಿತ್ತು. ಪ್ಲಾಸ್ಟಿಕ್ ಕುರ್ಚಿ, ಮೈಕು, ಎಲ್ಲರಿಗೂ ಟೀ, ಬಿಸ್ಕತ್ತು. ನಲವತ್ತು ಮನೆಯವರು ಬಂದಿದ್ದರು. ಸಂಸ್ಥೆಯ ಡೈರೆಕ್ಟರು ಮುಕ್ಕಾಲು ಗಂಟೆ ಮಾತಾಡಿ, ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳಿದರು. ಯಾರೂ ಏನೂ ಹೇಳಲಿಲ್ಲ. ಟೀ ಕುಡಿದರು, ಎದ್ದು ಹೋದರು.

ಸಭೆಯ ಹಾಜರಿ ಪುಸ್ತಕದಲ್ಲಿ ಸಹಿ ಇತ್ತು, ಫೋಟೊ ಇತ್ತು. ನಾನು ವಾಕ್ಯ ಬರೆದೆ.

ಪ್ರಾಗ್ ವಿಮಾನ ನಿಲ್ದಾಣ

ಜೆಕ್ ದೇಶದ ಒಂದು ಊರಿನಲ್ಲಿ ಇಂಥದೇ ಏರ್ಪಾಡು ಬಹಳ ವರ್ಷಗಳಿಂದ ನಡೆಯುತ್ತಿದೆಯಂತೆ. ಶೆಲ್ಲಿನ ಕಾರ್ಖಾನೆ ದುಡಿಯುತ್ತದೆ, ಅದರ ಪ್ರತಿಷ್ಠಾನ ನಾಟಕಶಾಲೆ ನಡೆಸುತ್ತದೆ. ನೋಡಿಕೊಂಡು ಬನ್ನಿ, ಕೊನೆಯ ದಿನ ಒಂದು ಆಶಯ ಪತ್ರಕ್ಕೆ ಸಹಿ ಹಾಕೋಣ ಎಂದು ಆ ಪ್ರತಿಷ್ಠಾನದವರು ಕರೆದರು. ಆಶಯ ಪತ್ರವೆಂದರೆ, ಅವರ ಪ್ರತಿಷ್ಠಾನ, ನಮ್ಮ ಸಂಸ್ಥೆ ಮತ್ತು ಗೋಮಾಳದ ಊರಿನ ಕಲಾವಿದರು, ಮೂವರೂ ಈ ಯೋಜನೆಗೆ ಒಪ್ಪಿದ್ದೇವೆ ಎನ್ನುವ ಕಾಗದ. ಹೊರಟವರು ಮೂವರು: ಡೈರೆಕ್ಟರು, ನಾನು ಮತ್ತು ಹಾಲಪ್ಪ.

ಹಾಲಪ್ಪ ಆ ಊರಿನ ಡೊಳ್ಳಿನ ಮೇಳದ ಮುಖ್ಯಸ್ಥ. ಅರವತ್ತರ ಹತ್ತಿರ. ಕುರಿ ಸಾಕಿದ್ದಾನೆ, ಎರಡೆಕರೆ ಜೋಳ ಹಾಕುತ್ತಾನೆ. ಅವನ ಮಗಳು ನನ್ನ ವಿದ್ಯಾರ್ಥಿನಿ. ಹಾಗಾಗಿ ನಾನು ಅವನಿಗೆ ‘ಅಕ್ಕೋರು’.

“ಡೊಳ್ಳು ಒಬ್ನೇ ಬಾರ್ಸಾದು ಹೆಂಗ್ರಿ ಅಕ್ಕೋರೆ?” ಎಂದು ಹೊರಡುವ ದಿನ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲೇ ಕೇಳಿದ್ದ. “ಹನ್ನೆರಡು ಜನದ್ದು ಅದು. ಒಬ್ನೇ ಬಾರ್ಸಿದ್ರೆ ಜೋಳದ ಹೊಲದಾಗೆ ಹಂದಿ ಓಡ್ಸಾಕತ್ಯಾನೆ ಅಂತ ತಿಳ್ಕಂತಾರ.”

ಇದನ್ನು ನಾನು ಡೈರೆಕ್ಟರಿಗೆ ದಾಟಿಸಿದೆ. “ಸಾಂಕೇತಿಕವಾಗಿ ಒಬ್ಬರು ಸಾಕು ಮೇಡಂ,” ಎಂದರು. “ಹೌದು ಸರ್,” ಎಂದೆ. ನನ್ನ ಜೀವನದಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಅದೇ ಇರಬೇಕು.

ಪ್ರಾಗ್‌ನಲ್ಲಿ ಇಳಿಯುವ ಹೊತ್ತಿಗೆ ನನ್ನ ಕೈಚೀಲದಲ್ಲಿ ಪಾಸ್‌ಪೋರ್ಟಿನ ನಾಲ್ಕು ಜೆರಾಕ್ಸ್, ಡೊಳ್ಳಿನ ಚರ್ಮ ಯಾವ ಪ್ರಾಣಿಯದ್ದು ಎಂದು ಪಶುವೈದ್ಯರು ಬರೆದುಕೊಟ್ಟ ಪತ್ರ, ಆ ಪತ್ರದ ಅನುವಾದ, ಅನುವಾದ ಸರಿಯಿದೆ ಎಂದು ಇನ್ನೊಬ್ಬರ ಸಹಿ, ಇಷ್ಟೂ ಇದ್ದವು. ಡೊಳ್ಳನ್ನು ಯಾರೂ ಕೇಳಲಿಲ್ಲ. ಹಾಲಪ್ಪನ ಹೆಗಲ ಮೇಲಿನ ಕಂಬಳಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಕರಿಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ನೇಯ್ದದ್ದು. ಮಡಿಸಿಟ್ಟರೂ ಕುರಿ ಹಟ್ಟಿಯ ವಾಸನೆ. ಸರಕು ತಪಾಸಣೆಯ ನಾಯಿಯೊಂದು ಅಷ್ಟು ಜನರ ನಡುವೆ ನೆಟ್ಟಗೆ ಬಂದು ಹಾಲಪ್ಪನ ಮುಂದೆ ಕೂತುಬಿಟ್ಟಿತು. ವಿದೇಶದ ಜೈಲಿನಲ್ಲಿ ಊಟಕ್ಕೆ ಏನು ಕೊಡುತ್ತಾರೆ ಎನ್ನುವವರೆಗೆ ನನ್ನ ತಲೆ ಹೋಗಿ ಬಂತು.

ಹಾಲಪ್ಪ ಬಗ್ಗಿ ನಾಯಿಯ ಮುಖಕ್ಕೆ ಕಂಬಳಿಯ ಚುಂಗು ಹಿಡಿದ. “ಏನವ್ವಾ, ಕುರಿ ಕಾಯಾಕೆ ಬರ್ತೀಯಾ? ಕೆಲ್ಸ ಐತಿ ನಮ್ಮೂರಾಗೆ.” ನಾಯಿ ಕಂಬಳಿಯ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು. ಅಧಿಕಾರಿ ನಕ್ಕು, ಕಂಬಳಿ ಬಿಡಿಸಿ, ಕೊಡವಿ, ವಾಪಸು ಕೊಟ್ಟ. ನಾನು ಆಗಲೇ ಏಳು ಕಾಗದ ತೆಗೆದು ಬೀಸಣಿಗೆಯ ಹಾಗೆ ಹಿಡಿದು ನಿಂತಿದ್ದೆ. ಅವುಗಳ ಕಡೆ ಅವನು ಕಣ್ಣೂ ಹಾಯಿಸಲಿಲ್ಲ.

“ಚಳಿಗೆ ಅಂತ ತಂದ್ಯಾ ಇದನ್ನ?” ಎಂದು ಸಿಡುಕಿದೆ.

“ಚಳಿಗೆ ಮಗಳು ಸ್ವೆಟ್ರು ಕೊಡ್ಸ್ಯಾಳ್ರಿ. ಇದು ಮಾತಿಗೆ.”

ಅವನು ಹೇಳಿದ್ದು ನನಗೆ ಅರ್ಥವಾಯಿತು. ಆಗದವಳ ಹಾಗೆ ಟ್ರಾಲಿ ತಳ್ಳಿಕೊಂಡು ಮುಂದೆ ಹೋದೆ.

ಅವರ ಊರಿನಲ್ಲಿ ಹತ್ತು ಮನೆಗೆ ಸಂಬಂಧಪಟ್ಟ ಮಾತು ಏನೇ ಇರಲಿ, ನೀರಿನದ್ದು, ಮದುವೆಯದ್ದು, ಮೇವಿನದ್ದು, ಕಂಬಳಿ ಹಾಸಿದ ಮೇಲೆಯೇ ತೀರ್ಮಾನ. ಕಾಲಲ್ಲಿ ಚಪ್ಪಲಿ ಇರಕೂಡದು. ನಡುವೆ ಒಂದು ಚಿಟಿಕೆ ಭಂಡಾರ ಹಾಕುತ್ತಾರೆ, ಅರಿಶಿನ. ಮನೆಗೊಬ್ಬರಂತೆ ಸುತ್ತ ಕೂತು ಸರದಿಯ ಮೇಲೆ ಬಾಯಿಬಿಟ್ಟು ಹೇಳಬೇಕು. ಒಂದು ಮನೆಯವರು ಸುಮ್ಮನಿದ್ದರೂ ಆ ಮಾತು ಆಗಿಲ್ಲ ಎಂದೇ ಲೆಕ್ಕ. ಕಂಬಳಿ ಮಡಿಸಿ ಏಳುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿ ಸುಮ್ಮನಿರುವುದೆಂದರೆ ‘ಬೇಡ’ ಎಂದು ಮರ್ಯಾದೆಯಿಂದ ಹೇಳುವ ರೀತಿ. ಇದನ್ನು ನಾನು ಪುಸ್ತಕ ಓದಿ ತಿಳಿದವಳಲ್ಲ. ಶಿಕಾರಿಪುರದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಅಪ್ಪ ಶಾಲೆ ಮಾಸ್ತರಾಗಿ ಆ ಕಡೆಯ ಊರುಗಳಲ್ಲೇ ಇದ್ದವರು.

ಎರಡನೆಯ ದಿನ: ಮ್ಯೂಸಿಯಂ

ಊರಿನ ಹೆಸರು ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಇದ್ದಬದ್ದ ವ್ಯಂಜನಗಳನ್ನೆಲ್ಲ ಒಂದೇ ಚೀಲದಲ್ಲಿ ತುಂಬಿ ಸ್ವರ ಹಾಕುವುದನ್ನು ಮರೆತ ಹಾಗಿದೆ. ಚಂದದ ಊರು. ಅದೂ ಸಿಟ್ಟಿಗೆ ಒಂದು ಕಾರಣ. ಕೆಂಪು ಹೆಂಚಿನ ಮನೆಗಳು, ಗುಡಿಸಿದ ರಸ್ತೆಗಳು. ಟ್ರಾಮಿನಲ್ಲಿ ಐವತ್ತು ಜನ ಕೂತಿದ್ದರೂ ನನ್ನ ಚೀಲದ ಜಿಪ್ಪಿನ ಸದ್ದು ಕೊನೆಯ ಸೀಟಿಗೆ ಕೇಳಿಸುತ್ತದೆ. ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಕೆಂಪು ದೀಪ ಹಸಿರಾಗಲಿ ಎಂದು ಆರು ಜನ ಕಾದು ನಿಲ್ಲುತ್ತಾರೆ. ನಾವೂ ನಿಂತೆವು.

“ಯಾರು ಬರ್ತಾರೆ ಅಂತ ನಿಂತಾರ?” ಎಂದು ಹಾಲಪ್ಪ ಕೇಳಿದ.

“ಯಾರೂ ಬರಲ್ಲ. ನಿಯಮ.”

“ಶಿರಾಳಕೊಪ್ಪ ಸರ್ಕಲ್ಲಿಗೆ ಇವ್ರನ್ನ ಕರ್ಕಂಡು ಬಂದು ನಿಲ್ಸ್ಬೇಕು ನೋಡ್ರಿ. ದೀಪಾವಳಿಗೆ ನಿಂತೋರು ಯುಗಾದಿಗೆ ದಾಟ್ತಾರ.”

ನಮಗೆ ದಾರಿ ತೋರಿಸಲು, ಮಾತು ದಾಟಿಸಲು ಪ್ರತಿಷ್ಠಾನದವರು ಯಾನಾ ಎಂಬ ಹೆಂಗಸನ್ನು ಕೊಟ್ಟಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಬಡಕಲು, ಸದಾ ಮೂಗು ಒರೆಸಿಕೊಳ್ಳುವವಳು. ಹಾಲಪ್ಪ ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ, ಅವಳು ತಮ್ಮ ಭಾಷೆಗೆ. ಉತ್ತರ ಬರುವಾಗ ಅದೇ ದಾರಿಯಲ್ಲಿ ವಾಪಸು.

ಮ್ಯೂಸಿಯಂ ಕಾರ್ಖಾನೆಯದ್ದೇ. ಒಳಗೆ ಹೋಗುವ ಮೊದಲು ಬೂಟಿನ ಮೇಲೆ ಬಟ್ಟೆಯ ಚೀಲ ತೊಡಬೇಕು, ನೆಲಕ್ಕೆ ಗೀರು ಬೀಳುತ್ತದೆ ಎಂದು. ನೆಲದ ಮೇಲೆ ಅವರಿಗಿರುವ ಕಾಳಜಿ ನೋಡಿ ನನಗೆ ಮೊದಲು ಗೌರವವೇ ಹುಟ್ಟಿತು. ಗಾಜಿನ ಪೆಟ್ಟಿಗೆಗಳಲ್ಲಿ ಬಗೆಬಗೆಯ ಶೆಲ್ಲುಗಳು, ಉಜ್ಜಿ ಹೊಳಪು ಕೊಟ್ಟವು. ಒಂದನ್ನು ಉದ್ದಕ್ಕೆ ಸೀಳಿ ಒಳಗಿನದನ್ನು ತೋರಿಸಿದ್ದರು. ಪಕ್ಕದ ಗೋಡೆಯ ತುಂಬ ನಾಟಕಗಳ ಫೋಟೊ: ಮೊಲದ ವೇಷದ ಮಕ್ಕಳು, ಪಿಟೀಲು ಹಿಡಿದ ಮುದುಕರು. ಮ್ಯೂಸಿಯಮ್ಮಿನ ಮೇಲ್ವಿಚಾರಕ ಶೆಲ್ಲಿನ ತೂಕ ಹೇಳಿದ, ಉಕ್ಕಿನ ಗುಣ ಹೇಳಿದ. ಡೈರೆಕ್ಟರು ಬರೆದುಕೊಂಡರು. ಹಾಲಪ್ಪ ಸೀಳಿದ ಶೆಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ.

“ಅಕ್ಕೋರೆ, ಇದು ಎಲ್ಲಿ ಬೀಳ್ತತಿ ಕೇಳ್ರಿ.”

ಕೇಳಿದೆ. ಎಷ್ಟು ಕಿಲೋಮೀಟರ್ ಹಾರುತ್ತದೆ ಎಂದು ಮೇಲ್ವಿಚಾರಕ ಹೆಮ್ಮೆಯಿಂದ ಹೇಳಿದ.

“ದೂರ ಕೇಳ್ಲಿಲ್ಲ ನಾನು. ಯಾರ ಮನಿ ಮ್ಯಾಲೆ ಅಂತ ಕೇಳಿದ್ದು.”

ಯಾನಾ ಇದನ್ನು ದಾಟಿಸುವ ಮೊದಲು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. ಮೇಲ್ವಿಚಾರಕ ಮುಗುಳ್ನಕ್ಕು, ಇನ್ನೊಂದು ಕೋಣೆಯಲ್ಲಿ ಕಾಫಿ ಇದೆ ಎಂದ.

ಸೈನ್ಯವೇ ಬೇಡ, ಮದ್ದುಗುಂಡೇ ಬೇಡ ಎನ್ನುವಷ್ಟು ಮುಗ್ಧಳಲ್ಲ ನಾನು. ನನ್ನ ಸ್ವಂತ ತಮ್ಮ ಹದಿನೇಳು ವರ್ಷ ಗಡಿಯಲ್ಲಿದ್ದು ಬಂದವನು. ಅವನ ಕೈಗೆ ಒಳ್ಳೆಯ ಶೆಲ್ಲು ಸಿಗಲಿ ಎಂದೇ ಅಷ್ಟು ವರ್ಷ ದೀಪ ಹಚ್ಚಿದವಳು. ಶೆಲ್ಲು ಬೇಕಾದರೆ ಬೇಕು ಎಂದು ಹೇಳಿ ಮಾಡಲಿ. ಎಲ್ಲಿ ಬೀಳುತ್ತದೆ ಎಂದು ಕೇಳಿದವನಿಗೆ ಕಾಫಿ ತೋರಿಸುವುದು, ಮೊಲದ ವೇಷದ ಮಕ್ಕಳ ಫೋಟೊ ತೋರಿಸುವುದು, ಇದಕ್ಕೆ ಕಲಾ ಪೋಷಣೆ ಎಂದು ಹೆಸರಿಡುವುದು, ಇದು ನನ್ನ ಹೊಟ್ಟೆ ಉರಿಸಿತು. ಹೊಟ್ಟೆ ಉರಿಸಿಕೊಂಡು ಏನು ಮಾಡಿದೆ? ಹೋಗಿ ಕಾಫಿ ಕುಡಿದೆ. ಎರಡು ಕಪ್ಪು.

ಮೂರನೆಯ ದಿನ: ಯಾನಾಳ ಅಮ್ಮನ ಮನೆ

ಮರುದಿನ ಡೈರೆಕ್ಟರು ಕಾರ್ಖಾನೆಯವರ ಜೊತೆ ಮೀಟಿಂಗಿನಲ್ಲಿದ್ದರು. ಯಾನಾ ನಮ್ಮಿಬ್ಬರನ್ನು ತನ್ನ ಅಮ್ಮನ ಮನೆಗೆ ಊಟಕ್ಕೆ ಕರೆದಳು. ಬಾಗಿಲಲ್ಲೇ ಒಂದು ಬುಟ್ಟಿ. ಅದರ ತುಂಬ ಬಟ್ಟೆಯ ಚಪ್ಪಲಿಗಳು, ಎಲ್ಲ ಅಳತೆಯವು. ಅಲ್ಲಿಯವರು ಹೊರಗಿನ ಬೂಟು ಹಾಕಿಕೊಂಡು ಮನೆಯೊಳಗೆ ಕಾಲಿಡುವುದಿಲ್ಲ, ಬಂದವರಿಗೆ ಮನೆಯ ಚಪ್ಪಲಿ ಕೊಡುತ್ತಾರೆ.

“ಇವ್ರೂ ನಮ್ಮಂಗೇ ಬಿಡ್ರಿ,” ಎಂದ ಹಾಲಪ್ಪ. ಆ ದೇಶದ ಬಗ್ಗೆ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ನನ್ನ ಚಿಂತೆ ಬೇರೆ. ಬೂಟು ಕಳಚಿದರೆ ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಪೂರ್ತಿ ಹೊರಗೆ. ಪಾಸ್‌ಪೋರ್ಟಿನ ನಾಲ್ಕು ಜೆರಾಕ್ಸ್ ಮಾಡಿಸಿದವಳು ಹರಿದಿರದ ಒಂದು ಜೊತೆ ಸಾಕ್ಸು ಇಟ್ಟುಕೊಂಡಿರಲಿಲ್ಲ. ಗಡಿಬಿಡಿಯಲ್ಲಿ ಕಾಲು ತುರುಕಿದ ಚಪ್ಪಲಿ ಯಾವುದೋ ಮಗುವಿನದ್ದು. ಊಟ ಮುಗಿಯುವವರೆಗೂ ತುದಿಗಾಲಲ್ಲೇ ಓಡಾಡಿದೆ.

ಯಾನಾಳ ಅಮ್ಮ ಶೆಲ್ಲಿನ ಕಾರ್ಖಾನೆಯಲ್ಲೇ ದುಡಿದು ನಿವೃತ್ತಳಾದವಳು. ಯಂತ್ರದ ಸದ್ದಿಗೆ ಕಿವಿ ಹೋಗಿದೆ, ಕೂಗಿ ಹೇಳಬೇಕು. ಸಾರಿನ ತಟ್ಟೆ ಮುಂದಿಟ್ಟು ಹಾಲಪ್ಪನ ಕುರಿಗಳ ಬಗ್ಗೆ ಒಂದೊಂದೇ ಕೇಳಿದಳು: ಎಷ್ಟಿವೆ, ಏನು ಮೇಯುತ್ತವೆ, ಮಳೆಗಾಲದಲ್ಲಿ ಎಲ್ಲಿ ಕೂಡಿಹಾಕುತ್ತೀರಿ. ಇಡೀ ಪ್ರವಾಸದಲ್ಲಿ ಅವನನ್ನು ಕುರಿಯ ಬಗ್ಗೆ ಕೇಳಿದವಳು ಅವಳೊಬ್ಬಳೇ. ನಾನು ನನ್ನ ಪ್ರಶ್ನಾವಳಿಯಲ್ಲಿ ಕುರಿಯ ಸಂಖ್ಯೆಗೆ ಒಂದು ಚೌಕ ಬಿಟ್ಟಿದ್ದೆ, ಅಷ್ಟೆ. ಅವು ಎಲ್ಲಿ ಮೇಯುತ್ತವೆ ಎನ್ನುವುದಕ್ಕೆ ಚೌಕವೇ ಇರಲಿಲ್ಲ. ಪಹಣಿಯಲ್ಲಿ ಆ ಗೋಮಾಳ ‘ಖರಾಬು’ ಎಂದು ನಮೂದಾಗಿದೆ, ಉಪಯೋಗಕ್ಕೆ ಬಾರದ ಜಮೀನು. ನಾನು ಅದನ್ನು ಹಾಗೇ ಇಳಿಸಿಕೊಂಡಿದ್ದೆ.

ಹಾಲಪ್ಪ ಕೈಯಲ್ಲೇ ಮೇಜಿನ ಮೇಲೆ ಗೋಮಾಳ ಬರೆದು ತೋರಿಸಿದ. ಇಲ್ಲಿ ಹಳ್ಳ, ಇಲ್ಲಿ ಕಾರೆಗಿಡ, ಇಲ್ಲಿ ಮಧ್ಯಾಹ್ನ ಕುರಿ ಮಲಗುವ ಬಂಡೆ. ಆಮೇಲೆ ಕೇಳಿದ: “ಅಮ್ಮಾರೇ, ನೀವು ಅಷ್ಟು ವರ್ಷ ಮಾಡಿದ್ರಲ್ಲ, ಅವು ಎಲ್ಲಿ ಹೋಗಿ ಬಿದ್ವು ಅಂತ ಯಾರಾರ ಕೇಳಿದ್ರಾ?”

ಯಾನಾ ಅಮ್ಮನ ಕಿವಿಯ ಹತ್ತಿರ ಬಾಗಿ ಎರಡು ಸಲ ಕೂಗಿದಳು. ಮುದುಕಿ ಚಮಚ ಕೆಳಗಿಟ್ಟಳು. ಅವಳು ಹೇಳಿದ್ದನ್ನು ಯಾನಾ ನನಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದಳು.

“ಕೇಳಲಿಲ್ಲವಂತೆ. ವರ್ಷಕ್ಕೆ ನಾಲ್ಕು ನಾಟಕದ ಟಿಕೆಟ್ ಕೊಡುತ್ತಿದ್ದರಂತೆ. ಒಳ್ಳೆಯ ಸೀಟುಗಳು.”

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಹಾಲಪ್ಪ ತಲೆ ಎತ್ತದೆ ಹೇಳಿದ, “ನಮಗೆ ನೀವು ಟೀ ಬಿಸ್ಕೀಟು ಕೊಟ್ರಿ.”

ನಾನು ಮಗುವಿನ ಚಪ್ಪಲಿಯಿಂದ ಕಾಲು ಬಿಡಿಸಿಕೊಳ್ಳುವುದರಲ್ಲಿ ಮುಳುಗಿದವಳ ಹಾಗೆ ಬಗ್ಗಿದ್ದೆ.

ನಾಲ್ಕನೆಯ ದಿನ, ಬೆಳಿಗ್ಗೆ: ಹೋಟೆಲು

ಕೊನೆಯ ದಿನ ಮಧ್ಯಾಹ್ನ ನಾಟಕಶಾಲೆಯಲ್ಲಿ ಕಾರ್ಯಕ್ರಮ. ಹಾಲಪ್ಪ ಐದು ನಿಮಿಷ ಡೊಳ್ಳು ಬಾರಿಸಬೇಕು, ಆಮೇಲೆ ಆಶಯ ಪತ್ರಕ್ಕೆ ಸಹಿ. ಆದರೆ ಅಲ್ಲಿಯ ಥಂಡಿಗೆ ಡೊಳ್ಳಿನ ಚರ್ಮ ಸಡಿಲಾಗಿ, ಬಡಿದರೆ ಒದ್ದೆ ಗೋಣಿಚೀಲ ಕೊಡವಿದ ಸದ್ದು.

“ಒಂಚೂರು ಬೆಂಕಿ ಕೊಡ್ಸ್ರಿ ಅಕ್ಕೋರೆ, ಕಾಸ್ಕಂತೀನಿ.”

ಹೋಟೆಲಿನ ಸ್ವಾಗತದ ಹುಡುಗಿಗೆ ಬೆಂಕಿ ಬೇಕು ಎಂದು ಕೇಳಿದೆ. ಏಕೆ ಎಂದಳು. ಡೊಳ್ಳು ಕಾಯಿಸಲು ಎಂದೆ. ಅವಳು ಮೆಲ್ಲಗೆ ಫೋನಿನ ಕಡೆ ಕೈ ಚಾಚಿದ್ದು ನೋಡಿ ನಾನೇ ಮೇಲೆ ಓಡಿ ಬಂದೆ. ಬಚ್ಚಲಿನಲ್ಲಿ ಕೂದಲು ಒಣಗಿಸುವ ಯಂತ್ರವಿತ್ತು. ಹಾಲಪ್ಪ ಡೊಳ್ಳನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ, ನಾನು ನಿಂತು ಬಿಸಿಗಾಳಿ ಹಿಡಿದೆ. ಮುಕ್ಕಾಲು ಗಂಟೆ. ಕುರಿ ಚರ್ಮ ಬಿಸಿಯಾದ ವಾಸನೆ ಮೂರನೆಯ ಅಂತಸ್ತಿನ ತುಂಬ.

“ಹಾಲಪ್ಪ,” ಎಂದೆ ಯಂತ್ರದ ಸದ್ದಿನ ನಡುವೆ, “ಇವತ್ತು ಸಹಿ ಹಾಕ್ತೀಯಾ?”

“ನೀವು ವರದಿ ಬರಿಯಾಕಿಂತ ಮೊದ್ಲು ಕೇಳ್ಬೇಕಿತ್ತಲ್ರಿ ಹಿಂಗೆ,” ಎಂದ. ಸಿಟ್ಟಿನಿಂದಲ್ಲ. “ಈ ಕಡಿ ಕಾದೈತಿ, ಆ ಕಡಿ ಹಿಡೀರಿ.”

ವೇದಿಕೆ

ನಾಟಕಶಾಲೆ ಅರಮನೆಯ ಹಾಗಿತ್ತು. ಕೆಂಪು ಮಖಮಲ್ಲಿನ ಕುರ್ಚಿಗಳಲ್ಲಿ ಊರಿನ ಗಣ್ಯರು. ವೇದಿಕೆಯ ಒಂದು ಬದಿ ಮೇಜು, ಮೇಜಿನ ಮೇಲೆ ನೀಲಿ ಫೈಲು, ಮೂರು ಪೆನ್ನು. ಪ್ರತಿಷ್ಠಾನದ ಅಧ್ಯಕ್ಷ ಹಣ್ಣು ಹಣ್ಣು ಮುದುಕ, ನಗುಮುಖ.

ಹಾಲಪ್ಪ ಡೊಳ್ಳು ಏರಿಸಿಕೊಂಡ. ಒಬ್ಬನೇ. ಹನ್ನೆರಡು ಜನ ಕುಣಿದು ತುಂಬುವ ಜಾಗದಲ್ಲಿ ಒಬ್ಬ ಮನುಷ್ಯ ಸುತ್ತು ಹಾಕುವುದನ್ನು ನೋಡಿದಾಗ ನನಗೆ ಅಳು ಬಂತೋ ಕೋಪ ಬಂತೋ ಹೇಳಲಾರೆ. ಒಂದು ವರಸೆ ಬಾರಿಸಿ ನಿಲ್ಲಿಸುತ್ತಿದ್ದ. ಎದುರಿನವನು ಉತ್ತರ ಕೊಡಬೇಕಾದಷ್ಟು ಹೊತ್ತು ಜಾಗ ಬಿಟ್ಟು ಮತ್ತೆ ಶುರು ಮಾಡುತ್ತಿದ್ದ. ಇಲ್ಲದ ಹನ್ನೊಂದು ಜನಕ್ಕೂ ಅವರವರ ಪಾಲಿನ ಹೊತ್ತು ಬಿಟ್ಟೇ ಬಾರಿಸಿದ. ಅಲ್ಲಿದ್ದವರಿಗೆ ಅದು ತಾಳದ ಒಂದು ಶೈಲಿ ಎನಿಸಿರಬೇಕು.

ಚಪ್ಪಾಳೆಯ ನಡುವೆ ಡೊಳ್ಳು ಇಳಿಸಿ, ಹೆಗಲ ಕಂಬಳಿ ತೆಗೆದು ವೇದಿಕೆಯ ನಡುವೆ ಹಾಸಿದ. ಮೂಲೆ ಎಳೆದು ಸರಿಮಾಡಿದ. ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ನಡುವೆ ಹಾಕಿದ. ಬೂಟು ಕಳಚಿ ಒಂದು ತುದಿಯಲ್ಲಿ ಕೂತ. ಮತ್ತೆ ಚಪ್ಪಾಳೆ! ಅದೂ ಕಲೆಯೇ ಎಂದುಕೊಂಡರು. ಡೈರೆಕ್ಟರೂ ಚಪ್ಪಾಳೆ ತಟ್ಟಿದರು.

“ಅಕ್ಕೋರೆ, ಬರ್ರಿ ಕುಂತ್ಕಳ್ರಿ,” ಎಂದ. “ನಾನು ಹೇಳಿದ್ದು ಇವ್ರಿಗೆ ಹೇಳ್ರಿ. ನಮ್ಮೂರಾಗೆ ಸಭಿ ಮಾಡಿದ್ರಲ್ಲ, ಅವತ್ತು ನಲವತ್ತು ಮನಿಯೋರು ಬಂದಿದ್ವಿ. ಒಬ್ರೂ ಬಾಯಿ ಬಿಡ್ಲಿಲ್ಲ. ಬಾಯಿ ಬಿಡ್ಲಿಲ್ಲ ಅಂದ್ರೆ ನಾವು ಒಪ್ಪಿಲ್ಲ ಅಂತ. ಇವ್ರಿಗೆ ಗೊತ್ತಿರಾಂಗಿಲ್ಲ, ಪರದೇಶದೋರು. ನಿಮಗೆ ಗೊತ್ತಿತ್ತು. ಗೊತ್ತಿತ್ತೋ ಇಲ್ಲೋ, ಇದ್ರ ಮ್ಯಾಲೆ ಕುಂತು ಹೇಳ್ರಿ.”

ಸಭೆ ಕಾಯುತ್ತಿತ್ತು. ಆ ಊರಿನಲ್ಲಿ ಕನ್ನಡ ತಿಳಿದವರು ನಾವು ಮೂವರೇ. ಡೈರೆಕ್ಟರು ನನ್ನ ಕಿವಿಯ ಹತ್ತಿರ ಬಂದರು. “ಮೇಡಂ, ‘ನಮ್ಮ ಕಲೆಗೆ ಬೆಂಬಲ ಕೊಟ್ಟಿದ್ದಕ್ಕೆ ಧನ್ಯವಾದ’ ಅಂದ್ರು ಅಂತ ಹೇಳಿ. ಎರಡು ವಾಕ್ಯ. ಮುಗಿಸಿಬಿಡಿ.”

ಎಷ್ಟು ಸುಲಭವಿತ್ತು ನೋಡಿ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಹೌದು ಸರ್’ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು, ಅಭ್ಯಾಸಬಲ. ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದುದು ನಾಚಿಕೆಗೇಡಿನ ವಿಚಾರ: ಕಂಬಳಿಯ ಮೇಲೆ ಕೂರಬೇಕಾದರೆ ಬೂಟು ಬಿಚ್ಚಬೇಕು, ಬಿಚ್ಚಿದರೆ ಈ ಗಣ್ಯರ ಮುಂದೆ ಹೆಬ್ಬೆರಳು ಕಾಣುತ್ತದೆ. ಒಂದು ಊರಿನ ನೆಲ ಹೋಗುತ್ತಿರುವಾಗ ನಾನು ಸಾಕ್ಸಿನ ಚಿಂತೆ ಮಾಡುತ್ತಿದ್ದೆ. ಅದು ಹೊಳೆದ ಕೂಡಲೇ ನನಗೆ ನನ್ನ ಮೇಲೆ ಬಂದ ಸಿಟ್ಟೇ ನನ್ನನ್ನು ಮುಂದಕ್ಕೆ ನೂಕಿತು. ಬಗ್ಗಿ ಬೂಟಿನ ದಾರ ಎಳೆದೆ. ಗಂಟು ಬಿತ್ತು. ಬಿಡಿಸಿದೆ. ಹೆಬ್ಬೆರಳು ಹೊರಗೆ ಬಂತು. ಹೋಗಿ ಹಾಲಪ್ಪನ ಎದುರು ಕೂತೆ.

“ಗೊತ್ತಿತ್ತು,” ಎಂದೆ ಅವನಿಗೆ.

ಆಮೇಲೆ ಅವನು ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ವರದಿಯ ಆ ವಾಕ್ಯ ಬರೆದವಳು ನಾನು, ಸುಮ್ಮನಿದ್ದರೆ ಬೇಡ ಎಂದು ಅರ್ಥವೆನ್ನುವುದು ಗೊತ್ತಿದ್ದೇ ಬರೆದೆ ಎಂದೂ ಸೇರಿಸಿದೆ. ದನಿ ಕೀರಲಾಗಿತ್ತು.

ಯಾನಾ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲು ಬೂಟು ಕಳಚಿ ಮೆಟ್ಟಿಲ ಮೇಲೆ ಜೋಡಿಸಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕಂಬಳಿಯ ಅಂಚಿನಲ್ಲಿ ಕೂತು, ಮೂಗು ಒರೆಸಿಕೊಂಡು, ತನ್ನ ಭಾಷೆಯಲ್ಲಿ ಹೇಳಿದಳು. ಹಿಂದಿನ ಸಾಲಿನಲ್ಲಿದ್ದ ಅವಳ ಅಮ್ಮ ಏನು ಹೇಳಿದಳು ಎಂದು ಪಕ್ಕದವರನ್ನು ದೊಡ್ಡ ದನಿಯಲ್ಲಿ ಕೇಳುತ್ತಿದ್ದಳು.

ಅಧ್ಯಕ್ಷ ಎದ್ದು ಬಂದ. ಬೂಟು ಹಾಕಿಕೊಂಡೇ ಕಂಬಳಿಯ ಮೇಲೆ ಕಾಲಿಟ್ಟು ಹಾಲಪ್ಪನ ಕೈ ಕುಲುಕಿದ. ಬಹಳ ಮನಮುಟ್ಟುವ ಪ್ರದರ್ಶನ, ಮುಂದಿನ ವರ್ಷ ಹನ್ನೆರಡೂ ಜನರನ್ನು ಕರೆಸೋಣ ಎಂದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು, ಅರ್ಥವೂ ಆಗಿತ್ತು, ಆದರೂ ಅದನ್ನು ನಾಟಕವನ್ನಾಗಿ ಮಾಡಿ ಚಪ್ಪಾಳೆಯಲ್ಲಿ ಮುಗಿಸಿದರು. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಬೈದಿದ್ದರೆ ಚೆನ್ನಾಗಿತ್ತು.

ಹಾಲಪ್ಪ ಮೇಜಿನ ಕಡೆ ಹೋಗಲಿಲ್ಲ. ಬೂಟಿನ ಗುರುತನ್ನು ಅಂಗೈಯಿಂದ ಒರೆಸಿ ಕಂಬಳಿ ಮಡಿಸಿದ.

ಮತ್ತೆ ತೊಗರ್ಸಿ ರಸ್ತೆ

ತಿಂಗಳು ಕಳೆದು ವರದಿ ಅಚ್ಚಾಗಿ ಬಂತು. ಮುಖಪುಟದಲ್ಲಿ ಡೊಳ್ಳು ಏರಿಸಿಕೊಂಡ ಹಾಲಪ್ಪನ ಫೋಟೊ. ನನ್ನ ಹೆಸರು ತೆಗೆದಿದ್ದರು. ನಾಲ್ಕನೆಯ ಅಧ್ಯಾಯದ ಕೊನೆಯ ಪ್ಯಾರಾ ಮಾತ್ರ ಒಂದಕ್ಷರ ಬದಲಾಗದೆ ಹಾಗೇ ಇತ್ತು.

ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಡೈರೆಕ್ಟರಿಗೆ ಫೋನು ಮಾಡಿದೆ.

“ಅವರು ಆಕ್ಷೇಪಣೆ ಅಂತ ಏನಾದ್ರೂ ಬರೆದು ಕೊಟ್ಟಿದ್ದಾರಾ ಮೇಡಂ?” ಎಂದರು. “ಸ್ಟೇಜ್ ಮೇಲೆ ಹೇಳಿದ್ದು ಕಾರ್ಯಕ್ರಮದ ಭಾಗ ಅಲ್ವಾ. ನಿಮ್ಮ ಹೆಸರು ತೆಗೆಸಿದ್ದೀನಲ್ಲ, ಇನ್ನು ನಿಮಗೇನು ಚಿಂತೆ?”

ಜೀವನದಲ್ಲಿ ಮೊದಲ ಬಾರಿ ಒಬ್ಬರು ನನ್ನ ಚಿಂತೆಯನ್ನು ತಾವೇ ಪರಿಹರಿಸಿಕೊಟ್ಟಿದ್ದರು. ಆ ಮಾತಿಗೆ ನನಗೆ ಎಷ್ಟು ಉರಿಯಿತೆಂದರೆ ಶಿರಾಳಕೊಪ್ಪ ಬಂದು ಹೋದದ್ದೇ ತಿಳಿಯಲಿಲ್ಲ, ಅವತ್ತು ಮನೆಗೆ ಗ್ಯಾಸಿನ ಫೋನೂ ಹೋಗಲಿಲ್ಲ.

ಭಾನುವಾರ ವರದಿ ಹಿಡಿದುಕೊಂಡು ಹಾಲಪ್ಪನ ಊರಿಗೆ ಹೋದೆ. ಗೋಮಾಳದಲ್ಲಿ ಆಗಲೇ ಸರ್ವೆಯವರು ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಒಂದು ಕುರಿ ಅದಕ್ಕೆ ಮೈ ಉಜ್ಜುತ್ತ ನಿಂತಿತ್ತು. ಹಾಲಪ್ಪನ ಮನೆಯ ಮುಂದೆ ಅದೇ ಕಂಬಳಿ ಹಾಸಿದರು. ನಾನು ವಾಕ್ಯವನ್ನು ಓದಿ ಹೇಳಿದೆ. ನಲವತ್ತು ಮನೆಯವರೂ ಸರದಿಯ ಮೇಲೆ ಬಾಯಿ ಬಿಟ್ಟು ಬೇಡ ಎಂದರು. ಈ ಸಲ ಸುಮ್ಮನಿರುವುದು ಸಾಲದು ಎಂದು ಅವರಿಗೇ ಗೊತ್ತಾಗಿತ್ತು. ಕಲಾಭವನ ಬೇಕು ಎಂದವರು ಇಬ್ಬರಿದ್ದರು. ಆದರೆ ಈ ನೆಲದ ಮೇಲೆ ಬೇಡ ಎಂದು ಅವರೂ ಹೇಳಿದರು. ಒಬ್ಬೊಬ್ಬರು ಹೇಳಿದ್ದನ್ನೂ ಅವರ ಮಾತಿನಲ್ಲೇ ಬರೆದುಕೊಂಡೆ, ಕೆಳಗೆ ಸಹಿ, ಹೆಬ್ಬೆಟ್ಟು. ಮರುದಿನ ತಾಲ್ಲೂಕು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿದೆವು. ಏನಾಗುತ್ತದೋ ಗೊತ್ತಿಲ್ಲ. ಕಲ್ಲುಗಳು ಇನ್ನೂ ಅಲ್ಲೇ ಇವೆ.

ಕೊನೆಗೆ ನನ್ನ ಸರದಿ ಬಂತು. ಕಂಬಳಿಯ ಮೇಲೆ ಕೂತವರೆಲ್ಲ ಹೇಳಬೇಕು, ಹೊರಗಿನವಳಾದರೂ. ಆ ದೇಶದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ.

ಹಾಲಪ್ಪ ತಲೆಯಾಡಿಸಿದ. “ಹೇಳಿದ್ದು ಆತು ಅಕ್ಕೋರೆ. ಬರ್ದಿದ್ದು?”

ಅದಕ್ಕೇ ಇದು. ಇದನ್ನು ಪ್ರವಾಸ ಕಥನವೆಂದು ಕೊಟ್ಟರೆ ಅಚ್ಚು ಹಾಕುತ್ತಾರೆ ಎಂದು ಗೊತ್ತಿತ್ತು. ತಿದ್ದೋಲೆ ಎಂದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಆ ವರದಿಯ ನಾಲ್ಕನೆಯ ಅಧ್ಯಾಯದ ಕೊನೆಯ ಪ್ಯಾರಾದಲ್ಲಿರುವ ವಾಕ್ಯ ಸುಳ್ಳು. ನಲವತ್ತು ಮನೆಯವರು ಅವತ್ತೂ ಒಪ್ಪಿರಲಿಲ್ಲ, ಇವತ್ತೂ ಒಪ್ಪಿಲ್ಲ. ಅದನ್ನು ಬರೆದವಳು ನಾನು. ಬರೆಯುವಾಗ ನನಗೆ ಗೊತ್ತಿತ್ತು.